ಛಾವಣಿಯಿಲ್ಲದ ಎಣ್ಣೆ ಗಿರಣಿಯಲ್ಲಿ ರಾತ್ರಿಯಾಟ!

ಗಿರಣಿ ಮುಚ್ಚಿದರೆ ಏನಾಗುತ್ತೆ? ಸೈಟಾಗುತ್ತೆ, ಇಲ್ಲಾ ಗೋಡೌನ್ ಆಗುತ್ತೆ. ಗ್ರೀಸ್ ದೇಶದ ಎಲೆಫ್ಸೀನಾ ಊರಿನವರು ಮಾತ್ರ ಬೇರೆಯೇ ಆಟ ಹೂಡಿದರು. ಅಲ್ಲಿನ ಹಳೇ ಎಣ್ಣೆ ಗಿರಣಿ ಈಗ ನಾಟಕದ ಅಂಗಳ!

ಅಥೆನ್ಸ್‌ನಿಂದ ಸುಮಾರು 20 ಕಿಲೋಮೀಟರ್, ಕಡಲ ದಂಡೆ. 1875ರಲ್ಲಿ ಅಲ್ಲಿ ಸೋಪಿನ ಕಾರ್ಖಾನೆಯಾಗಿ ಶುರುವಾದದ್ದು ಇದು. ಆಲಿವ್ ಎಣ್ಣೆಗೆ ಕಾಸ್ಟಿಕ್ ಸೋಡಾ ಬೆರೆಸಿ ಕುದಿಸೋದು, ಅಚ್ಚಿಗೆ ಹುಯ್ಯೋದು. 1902ರಲ್ಲಿ ಊರಿಗೆ ಸಿಮೆಂಟ್ ಬಂತು, ಆಮೇಲೆ ರಿಫೈನರಿ. 1922ರಲ್ಲಿ ಏಷ್ಯಾ ಮೈನರ್‌ನಿಂದ ಮನೆಮಠ ಬಿಟ್ಟು ಓಡಿಬಂದ ನಿರಾಶ್ರಿತರಿಗೆ ಈ ಊರಿನ ಕಾರ್ಖಾನೆಗಳೇ ಅನ್ನ ಕೊಟ್ಟವು. ಜೊತೆಗೆ ಹೊಗೆಯನ್ನೂ ಕುಡಿಸಿದವು, ಬಿಡಿ. 1960ರ ದಶಕದಲ್ಲಿ ಗಿರಣಿಯ ಒಲೆ ಆರಿತು. ಛಾವಣಿ ಹೋಯಿತು, ಕಲ್ಲಿನ ಗೋಡೆ ನಿಂತಿತು.

ಈ ಊರು ನಾಟಕಕಾರ ಈಸ್ಕಿಲಸ್ ಹುಟ್ಟಿದ ಊರು. ಯಾರೀತ ಅಂತೀರಾ? ರಂಗದ ಮೇಲೆ ಒಬ್ಬನೇ ನಟ ಮೇಳದ ಜೊತೆ ಮಾತಾಡುತ್ತಿದ್ದ ಕಾಲದಲ್ಲಿ ಎರಡನೇ ನಟನನ್ನು ತಂದವನು, ಹಾಗಂತ ಅರಿಸ್ಟಾಟಲ್ ಬರೆದಿದ್ದಾನೆ. ಅವನಿಲ್ಲದಿದ್ದರೆ ನಮ್ಮ ಹೀರೋ ಎದುರು ವಿಲನ್ ಎಲ್ಲಿಂದ ಬರಬೇಕಿತ್ತು ಗುರುವೇ! ಅವನ ಹೆಸರಿನ ಉತ್ಸವ 1975ರಲ್ಲಿ ಶುರುವಾಯಿತು. ಮುಂದೆ ಗಿರಣಿಯೇ ಅದರ ಮುಖ್ಯ ಅಂಗಳವಾಯಿತು.

ನನಗೆ ಹಿಡಿಸಿದ್ದು ಇಷ್ಟು: ಅವರು ಗಿರಣಿಗೆ ಮೇಕಪ್ ಹಾಕಲಿಲ್ಲ. ಬಿದ್ದ ಛಾವಣಿಯ ಜಾಗದಲ್ಲಿ ಆಕಾಶವನ್ನೇ ಬಿಟ್ಟರು. ಬರೀ ಗೋಡೆ, ದೀಪ, ಕುರ್ಚಿ. ಸುಣ್ಣ ಬಳಿದು ಟೈಲ್ಸ್ ಹಾಕಿದ್ದರೆ ಅಲ್ಲಿ ಬೆವರು ಸುರಿಸಿದವರ ಗುರುತೇ ಅಳಿದುಹೋಗುತ್ತಿತ್ತು.

ನಾನು ಅಲ್ಲಿಗೆ ಹೋದವನಲ್ಲ, ಊರನ್ನು ಕಂಡದ್ದು ತೆರೆಯ ಮೇಲೆ. ಫಿಲಿಪ್ಪೋಸ್ ಕುತ್ಸಾಫ್ಟಿಸ್ ಎಂಬಾತ 12 ವರ್ಷ ಕ್ಯಾಮೆರಾ ಹೊತ್ತು ಅಲೆದು 2000ದಲ್ಲಿ ಮುಗಿಸಿದ ಸಾಕ್ಷ್ಯಚಿತ್ರ, 'ಆಗೆಲಾಸ್ಟೋಸ್ ಪೆತ್ರಾ'. ಅಂದರೆ ನಗು ಮರೆತ ಕಲ್ಲು. ಒಂದು ಕಡೆ ಬುಲ್ಡೋಜರ್, ಇನ್ನೊಂದು ಕಡೆ ನೆಲದಡಿಯ ಗೋರಿಗಳು, ನಡುವೆ ಮುದಿ ನಿರಾಶ್ರಿತರು. ಹಾಡಿಲ್ಲ, ಫೈಟಿಲ್ಲ, ಆದರೂ ಎದ್ದು ಬರೋಕಾಗಲ್ಲ.

2021ರಲ್ಲಿ ಈ ಊರು ಯುರೋಪಿನ ಸಾಂಸ್ಕೃತಿಕ ರಾಜಧಾನಿ ಆಗಬೇಕಿತ್ತು. ಕೊರೋನಾ ಅಡ್ಡ ಬಂತು, 2023ರಲ್ಲಿ ಆಯಿತು. ಹೊರಗಿನ ಶೋಕಿವಾಲರು ಬಂದರು ಸರಿ, ಆದರೆ ಸೋಪು ಕುದಿಸಿದವನ ಮೊಮ್ಮಗನಿಗೂ ಮುಂದಿನ ಸಾಲಲ್ಲಿ ಕುರ್ಚಿ ಇರಬೇಕು ಅನ್ನೋನು ನಾನು.

ಈಸ್ಕಿಲಸ್‌ನ 'ಪರ್ಷಿಯನ್ನರು' ನಾಟಕದಲ್ಲಿ ದೂತನೊಬ್ಬ ಓಡಿಬಂದು, ಸಲಾಮಿಸ್ ಕಡಲಲ್ಲಿ ಹಡಗುಗಳು ನುಚ್ಚುನೂರಾದ ಸುದ್ದಿ ಹೇಳುತ್ತಾನೆ. ಆ ಸಲಾಮಿಸ್ ದ್ವೀಪ ಈ ಊರಿಗೆ ಎದುರಾಗಿಯೇ ಇದೆ. ನಡುವಿನ ಕೊಲ್ಲಿಯಲ್ಲಿ, ಬೇಡವಾದ ಹಡಗುಗಳು ಎಷ್ಟೋ ವರ್ಷ ತುಕ್ಕು ಹಿಡಿದು ಒರಗಿದ್ದವು.