ಮಹಾನಗರದಲ್ಲಿ 64 ಕಿಲೋಮೀಟರ್ ಸೈಕಲ್ ಸವಾರಿ: ಹೊರಡುವ ಮುನ್ನ ತಿಳಿದಿರಬೇಕಾದುದು



ಒಂದು ಕಾಲದಲ್ಲಿ ನಮ್ಮ ಊರುಗಳಲ್ಲಿ ಸೈಕಲು ದುಡಿಮೆಯ ಸಂಗಾತಿಯಾಗಿತ್ತು. ಹಾಲಿನ ಕ್ಯಾನು, ಮೀನಿನ ಬುಟ್ಟಿ, ಅಡಕೆಯ ಚೀಲ ಎಲ್ಲವೂ ಅದರ ಮೇಲೆಯೇ ಪೇಟೆ ಸೇರುತ್ತಿದ್ದವು. ಈಗ ಅಂಗಳದಲ್ಲಿ ಸ್ಕೂಟರು ನಿಂತಿದೆ, ಸೈಕಲು ಕೊಟ್ಟಿಗೆಯ ಮೂಲೆ ಸೇರಿದೆ. ಆದರೆ ನಮ್ಮ ಮನೆಗಳಿಂದ ಓದಿಗೂ ಉದ್ಯೋಗಕ್ಕೂ ದೂರದ ಮಹಾನಗರಗಳಿಗೆ ಹೋದ ಮಕ್ಕಳು ಅಲ್ಲಿ ಹಣ ಕೊಟ್ಟು ಹೆಸರು ನೋಂದಾಯಿಸಿ, ಸಾವಿರಾರು ಜನರೊಡನೆ ಸೈಕಲು ತುಳಿಯುತ್ತಾರೆ. "ಇದೇನು ಹುಚ್ಚು? ಅಪಾಯವಿಲ್ಲವೇ?" ಎಂದು ತಾಯಂದಿರು ಕೇಳುವುದುಂಟು. "ಜೀವನವಿಡೀ ತೋಟದಲ್ಲಿ ದುಡಿದವನಿಗೆ ಅದೇನು ಮಹಾ, ಮಗನ ಜೊತೆ ನಾನೂ ಹೋಗಬಹುದಲ್ಲ" ಎನ್ನುವ ತಂದೆಯರೂ ಇದ್ದಾರೆ. ಈ ಎರಡು ಮಾತುಗಳಿಗೂ ಉತ್ತರವಾಗಿ, ಅಮೆರಿಕದ ನ್ಯೂಯಾರ್ಕ್ ನಗರದ ಒಂದು ಪ್ರಸಿದ್ಧ ಸವಾರಿಯನ್ನು ಉದಾಹರಣೆಯಾಗಿಟ್ಟುಕೊಂಡು ಕೆಲವು ವಿಷಯಗಳನ್ನು ಈ ಸಲ ತಿಳಿಸುತ್ತೇವೆ.

ಐದು ವಿಭಾಗಗಳ ಸವಾರಿ

ಇದರ ಹೆಸರು 'ಫೈವ್ ಬರೋ ಬೈಕ್ ಟೂರ್'. ನಮ್ಮಲ್ಲಿ ಬೈಕ್ ಎಂದರೆ ಮೋಟಾರು ಬೈಕು. ಅಲ್ಲಿ ಸೈಕಲಿಗೂ ಬೈಕ್ ಎಂದೇ ಹೆಸರು. ನ್ಯೂಯಾರ್ಕ್ ನಗರಕ್ಕೆ ಐದು ಆಡಳಿತ ವಿಭಾಗಗಳಿವೆ: ಮ್ಯಾನ್‌ಹಾಟನ್, ಬ್ರಾಂಕ್ಸ್, ಕ್ವೀನ್ಸ್, ಬ್ರೂಕ್ಲಿನ್ ಮತ್ತು ಸ್ಟ್ಯಾಟನ್ ಐಲೆಂಡ್. ಈ ಐದನ್ನೂ ಒಂದೇ ದಿನದಲ್ಲಿ ಮುಟ್ಟುವ ಸವಾರಿ ಇದು. 1977ರಲ್ಲಿ ಸುಮಾರು 250 ಮಂದಿಯೊಂದಿಗೆ ಆರಂಭವಾದ ಇದರಲ್ಲಿ ಇತ್ತೀಚಿನ ವರ್ಷಗಳಲ್ಲಿ 30,000ಕ್ಕೂ ಹೆಚ್ಚು ಜನ ಪಾಲ್ಗೊಳ್ಳುತ್ತಾರೆ. ವಾಡಿಕೆಯಂತೆ ಇದು ಮೇ ತಿಂಗಳ ಮೊದಲ ಆದಿತ್ಯವಾರ ನಡೆಯುತ್ತದೆ. ಬೆಳಗ್ಗೆ ಬೇಗನೆ ಹೊರಡಬೇಕಾದುದರಿಂದ ಹಿಂದಿನ ಸಂಜೆಯೇ ಬಲಿಪೂಜೆಗೆ ಹೋಗಿಬರುವುದು ಅನುಕೂಲ.

ಒಟ್ಟು ದೂರ 40 ಮೈಲಿ, ಅಂದರೆ ಸುಮಾರು 64 ಕಿಲೋಮೀಟರ್. ಕಾಸರಗೋಡಿನಿಂದ ಮಂಗಳೂರಿಗಿರುವ ದೂರಕ್ಕಿಂತಲೂ ಹೆಚ್ಚು. ಮ್ಯಾನ್‌ಹಾಟನ್ನಿನ ತೆಂಕಣ ತುದಿಯಲ್ಲಿ ಹೊರಟು, ಸೆಂಟ್ರಲ್ ಪಾರ್ಕ್ ಎಂಬ ದೊಡ್ಡ ಉದ್ಯಾನವನ್ನು ಹಾದು, ಸೇತುವೆಗಳ ಮೇಲೆ ಹೊಳೆ ದಾಟುತ್ತಾ ಹೋಗಬೇಕು. ಕೊನೆಯ ಸೇತುವೆ ವೆರಝಾನೋ. 1964ರಲ್ಲಿ ತೆರೆದ ಈ ತೂಗುಸೇತುವೆಯ ನಡುವಿನ ಹಾಸು ಒಂದರ ಉದ್ದವೇ ಸುಮಾರು 1,298 ಮೀಟರ್. ಉಳಿದ ದಿನಗಳಲ್ಲಿ ಇದರ ಮೇಲೆ ಕಾಲ್ನಡೆಗೂ ಸೈಕಲಿಗೂ ದಾರಿಯಿಲ್ಲ. ಸವಾರಿಯ ದಿನ ಮಾತ್ರ ಪೊಲೀಸರು ವಾಹನಗಳನ್ನು ತಡೆದು ಸೈಕಲುಗಳಿಗೆ ದಾರಿ ಬಿಡುತ್ತಾರೆ. ಇದು ಪಂದ್ಯವಲ್ಲ, ಮೊದಲು ತಲುಪಿದವರಿಗೆ ಬಹುಮಾನವೂ ಇಲ್ಲ. ಜನರನ್ನು ತಂಡ ತಂಡವಾಗಿ ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ಹೊರಡಿಸುತ್ತಾರೆ. ದಾರಿಯಲ್ಲಿ ನೀರು, ಹಣ್ಣು, ರಿಪೇರಿ, ಪ್ರಥಮ ಚಿಕಿತ್ಸೆಯ ವ್ಯವಸ್ಥೆ ಇರುತ್ತದೆ. ಹೆಲ್ಮೆಟ್ಟು ಕಡ್ಡಾಯ. ಸವಾರಿಯನ್ನು ನಡೆಸುವ ಸಂಸ್ಥೆ ಬಂದ ಆದಾಯದಿಂದ ಮಕ್ಕಳಿಗೂ ದೊಡ್ಡವರಿಗೂ ಉಚಿತವಾಗಿ ಸೈಕಲು ಕಲಿಸುತ್ತದೆ.

ತೋಟದ ದುಡಿಮೆ ಸಾಲದೇ?

ರೈತನ ದೇಹ ಗಟ್ಟಿಯಾದುದು ನಿಜ. ಆದರೆ ತೋಟದ ಕೆಲಸದಲ್ಲಿ ನಾವು ಬಗ್ಗುತ್ತೇವೆ, ಏಳುತ್ತೇವೆ, ಹೊರುತ್ತೇವೆ, ನಡುವೆ ನೆರಳಿನಲ್ಲಿ ನಿಂತು ಎಲೆ ಅಡಕೆ ಹಾಕುತ್ತೇವೆ. ಭಾರ ಒಮ್ಮೆ ಸೊಂಟಕ್ಕೆ, ಒಮ್ಮೆ ತೋಳಿಗೆ, ಒಮ್ಮೆ ಕಾಲಿಗೆ ಹಂಚಿಹೋಗುತ್ತದೆ. ಸೈಕಲಿನಲ್ಲಿ ಹಾಗಲ್ಲ. ನಿಮಿಷಕ್ಕೆ 75 ಸುತ್ತಿನಂತೆ ನಾಲ್ಕು ಗಂಟೆ ಪೆಡಲು ತುಳಿದರೆ 18,000 ಸುತ್ತಾಗುತ್ತದೆ. ಅಂದರೆ ಒಂದೊಂದು ಮೊಣಕಾಲೂ ಒಂದೇ ರೀತಿಯಲ್ಲಿ 18,000 ಸಲ ಮಡಚಿ ಬಿಚ್ಚುತ್ತದೆ. ಎರಡು ಕಿಲೋಮೀಟರ್ ದೂರದ ಅಂಗಡಿಗೆ ಹೋಗಿಬರುವಾಗ ಗೊತ್ತಾಗದ ಸಣ್ಣ ತಪ್ಪು ಇಲ್ಲಿ 18,000 ಸಲ ಪುನರಾವರ್ತನೆಯಾಗಿ ನೋವಾಗುತ್ತದೆ.

ಆ ತಪ್ಪು ಹೆಚ್ಚಾಗಿ ಸೀಟಿನ ಎತ್ತರದಲ್ಲಿರುತ್ತದೆ. ನಮ್ಮಲ್ಲಿ ಸೀಟಿನಲ್ಲಿ ಕುಳಿತೇ ಎರಡೂ ಕಾಲು ನೆಲಕ್ಕೆ ತಾಗಬೇಕು ಎಂದು ಸೀಟನ್ನು ತೀರಾ ಇಳಿಸುತ್ತಾರೆ. ಆಗ ಮೊಣಕಾಲು ಅತಿಯಾಗಿ ಮಡಚಿ, ಮಂಡಿಚಿಪ್ಪಿನ ಹಿಂದೆ ಒತ್ತಡ ಬೀಳುತ್ತದೆ. ಸರಿಯಾದ ಎತ್ತರ ಕಂಡುಕೊಳ್ಳುವ ಸುಲಭ ವಿಧಾನ ಹೀಗಿದೆ: ಗೋಡೆ ಹಿಡಿದು ಸೀಟಿನ ಮೇಲೆ ಕುಳಿತು, ಪೆಡಲನ್ನು ಕೆಳಗಿನ ತುದಿಗೆ ತಂದು, ಅದರ ಮೇಲೆ ಹಿಮ್ಮಡಿ ಇಡಿ. ಆಗ ಕಾಲು ನೇರವಾಗಬೇಕು. ಮುಂಗಾಲಿನಿಂದ ತುಳಿಯುವಾಗ ಮೊಣಕಾಲು ತುಸು ಮಾತ್ರ ಬಾಗಿರುತ್ತದೆ. ಸೀಟು ತೀರಾ ಎತ್ತರವಾದರೆ ಸೊಂಟ ಅತ್ತಿತ್ತ ಓಲಾಡುತ್ತದೆ, ಅದೂ ಬೇಡ.

ಕೈಗಳನ್ನು ಮರೆಯಬಾರದು. ಹ್ಯಾಂಡಲಿನ ಮೇಲೆ ಗಂಟೆಗಟ್ಟಲೆ ಭಾರ ಹಾಕಿದರೆ ಅಂಗೈಯ ಬದಿಯ ನರ ಒತ್ತಿ, ಕಿರುಬೆರಳು ಮತ್ತು ಉಂಗುರದ ಬೆರಳು ಜೋಮು ಹಿಡಿಯುತ್ತವೆ. ಮೊಣಕೈಯನ್ನು ತುಸು ಸಡಿಲ ಬಿಟ್ಟು, ಕೈಯ ಜಾಗವನ್ನು ಆಗಾಗ ಬದಲಾಯಿಸುತ್ತಿದ್ದರೆ ಇದು ತಪ್ಪುತ್ತದೆ.

ಅಭ್ಯಾಸ

ಹೊಸ ಹೋರಿಯನ್ನು ನೊಗಕ್ಕೆ ಕಟ್ಟಿದ ದಿನವೇ ಇಡೀ ಗದ್ದೆ ಉಳುವವನು ಯಾರೂ ಇಲ್ಲ. ನಮ್ಮ ದೇಹಕ್ಕೂ ಅದೇ ನ್ಯಾಯ. ಸವಾರಿಗೆ ಎರಡು ಮೂರು ತಿಂಗಳ ಮೊದಲೇ ಆರಂಭಿಸಿ, ವಾರಕ್ಕೆ ಮೂರು ದಿನ 10 ಕಿಲೋಮೀಟರಿನಂತೆ ತುಳಿಯಬೇಕು. ಆ ಮೂರರಲ್ಲಿ ಒಂದು ದಿನದ ದೂರವನ್ನು ವಾರವಾರವೂ ಸ್ವಲ್ಪ ಸ್ವಲ್ಪವೇ ಏರಿಸುತ್ತಾ 40-45 ಕಿಲೋಮೀಟರಿಗೆ ತಂದರೆ, 64 ಕಿಲೋಮೀಟರ್ ಕೈಗೆಟುಕುತ್ತದೆ. ನಡುವೆ ವಿಶ್ರಾಂತಿಯ ದಿನಗಳಿರಲಿ. ಸ್ನಾಯು ಬಲಗೊಳ್ಳುವುದು ದುಡಿಯುವಾಗಲ್ಲ, ದುಡಿದ ಮೇಲೆ ಸುಧಾರಿಸಿಕೊಳ್ಳುವಾಗ. ಕೊನೆಯ ವಾರ ಹೆಚ್ಚು ತುಳಿಯದೆ ಚೆನ್ನಾಗಿ ನಿದ್ರೆ ಮಾಡಬೇಕು. ಸವಾರಿಯ ದಿನ ಹೊಸ ಸೀಟು, ಹೊಸ ಬೂಟು ಬೇಡ.

ಆಹಾರ ಮತ್ತು ನೀರು

60 ಕಿಲೋ ತೂಕದವರು ನಾಲ್ಕು ಗಂಟೆ ಮಧ್ಯಮ ವೇಗದಲ್ಲಿ ತುಳಿದರೆ ಸುಮಾರು 1,500 ಕ್ಯಾಲರಿ ಶಕ್ತಿ ವ್ಯಯವಾಗುತ್ತದೆ. ನಾವು ಉಂಡ ಅನ್ನ, ರೊಟ್ಟಿಯ ಪಿಷ್ಟದಲ್ಲಿ ಒಂದಂಶವನ್ನು ದೇಹವು ಸ್ನಾಯುಗಳಲ್ಲೂ ಯಕೃತ್ತಿನಲ್ಲೂ ಗ್ಲೈಕೋಜನ್ ರೂಪದಲ್ಲಿ ಕೂಡಿಡುತ್ತದೆ. ಈ ಕಣಜ ದೊಡ್ಡದಲ್ಲ. ಜೋರಾಗಿ ತುಳಿದರೆ ಒಂದೂವರೆ ಎರಡು ಗಂಟೆಯಲ್ಲೇ ಬರಿದಾಗುತ್ತದೆ. ಆಗ ಕಾಲು ಸೀಸದಂತೆ ಭಾರವಾಗಿ, ಕಣ್ಣು ಕತ್ತಲೆ ಬಂದು, ಕೈ ನಡುಗುತ್ತದೆ. ಆದುದರಿಂದ ಹೊರಡುವ ಎರಡು ಮೂರು ಗಂಟೆ ಮೊದಲು ಇಡ್ಲಿ, ಅವಲಕ್ಕಿಯಂತಹ ಎಣ್ಣೆ ಕಡಿಮೆಯ ಆಹಾರ ತಿನ್ನಬೇಕು. ಹಸಿವಾಗುವವರೆಗೆ ಕಾಯದೆ ಗಂಟೆಗೊಂದು ಬಾಳೆಹಣ್ಣು, ಜೊತೆಗೆ ಒಂದೆರಡು ಖರ್ಜೂರ ತಿನ್ನುತ್ತಿರಬೇಕು. ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಪಿಷ್ಟ-ಸಕ್ಕರೆಯಿದೆ.

ನೀರಿನ ವಿಷಯದಲ್ಲಿ ಎರಡು ಬಗೆಯ ತಪ್ಪುಗಳಿವೆ. ಕುಡಿಯದೆ ಇರುವುದು ಒಂದು. ಬಾಯಾರಿಕೆಯಿಲ್ಲದಿದ್ದರೂ ಬರೀ ನೀರನ್ನು ಲೀಟರುಗಟ್ಟಲೆ ಸುರಿದುಕೊಳ್ಳುವುದು ಇನ್ನೊಂದು. ಎರಡನೆಯದು ಹೆಚ್ಚು ಜನರಿಗೆ ತಿಳಿದಿಲ್ಲ. ಬೆವರಿನೊಡನೆ ಉಪ್ಪೂ ಹೋಗುತ್ತದೆ. ಮೇಲಿಂದ ಬರೀ ನೀರೇ ತುಂಬಿದರೆ ರಕ್ತದಲ್ಲಿ ಸೋಡಿಯಂ ಅಂಶ ತೆಳುವಾಗಿ, ತಲೆನೋವು, ವಾಂತಿ, ಮಂಕು, ಕೊನೆಗೆ ಫಿಟ್ಸ್ ಕೂಡ ಬರಬಹುದು, ಪ್ರಾಣಕ್ಕೂ ಅಪಾಯ. ಬಾಯಾರಿದಾಗ ಗುಟುಕು ಗುಟುಕಾಗಿ ಕುಡಿಯುವುದೇ ಸರಿಯಾದ ಕ್ರಮ. ಬೆವರು ಹೆಚ್ಚಾದರೆ ಉಪ್ಪು ಹಾಕಿದ ಮಜ್ಜಿಗೆ, ಅಥವಾ ಭೇದಿಯಾದಾಗ ನಾವು ಕೊಡುವ ಸಕ್ಕರೆ-ಉಪ್ಪಿನ ನೀರು (ಒಂದು ಲೀಟರ್ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಚಹಾ ಚಮಚದ ಅಳತೆ) ಉತ್ತಮ. ನಮ್ಮ ಹಿರಿಯರು ಗದ್ದೆಯ ಬದಿಯಲ್ಲಿ ಉಪ್ಪು ಬೆರೆಸಿದ ಗಂಜಿ ತಿಳಿ ಕುಡಿಯುತ್ತಿದ್ದುದರ ಹಿಂದೆಯೂ ಇದೇ ತತ್ವವಿದೆ.

ಗುಂಪಿನಲ್ಲಿ ತುಳಿಯುವುದು

ವಾಹನಗಳಿಲ್ಲದ ರಸ್ತೆಯಲ್ಲಿ ಬೀಳುವುದು ಹೇಗೆ ಎಂದು ಕೇಳಬಹುದು. ಒಬ್ಬರಿಗೊಬ್ಬರು ತಾಗಿಯೇ ಬೀಳುತ್ತಾರೆ. ಮುಂದಿನವನ ಹಿಂಚಕ್ರದ ಪಕ್ಕಕ್ಕೆ ನಮ್ಮ ಮುಂಚಕ್ರ ಬಂದಿರುವಾಗ ಅವನು ತುಸು ಓರೆಯಾದರೂ ಚಕ್ರಗಳು ತಾಗುತ್ತವೆ. ಅವನಿಗೆ ಹೆಚ್ಚೇನೂ ಆಗುವುದಿಲ್ಲ. ಹ್ಯಾಂಡಲು ಹಿಡಿತ ತಪ್ಪಿ ಬೀಳುವವರು ಹಿಂದಿರುವ ನಾವು. ಆದುದರಿಂದ ಮುಂದಿನವನಿಂದ ಒಂದೆರಡು ಸೈಕಲಿನಷ್ಟು ಅಂತರ ಬಿಡಬೇಕು. ನೇರವಾದ ಗೆರೆಯಲ್ಲಿ ಸಾಗಬೇಕು. ನಿಲ್ಲುವುದಿದ್ದರೆ ಕೂಗಿ ತಿಳಿಸಿ ಬದಿಗೆ ಸರಿದು ನಿಲ್ಲಬೇಕು. ಫೋಟೋ ತೆಗೆಯಲು ದಾರಿಯ ನಡುವೆ ನಿಲ್ಲುವುದು ಹಿಂದಿನವರಿಗೆ ಮಾಡುವ ದ್ರೋಹ. ಸೇತುವೆಗಳ ಮೇಲಿನ ಕಬ್ಬಿಣದ ಸಂದುಗಳನ್ನು ಓರೆಯಾಗಿ ದಾಟಬಾರದು. ಬ್ರೇಕು ಹಿಡಿಯದೆ ನೇರವಾಗಿ ದಾಟಬೇಕು. ಮಳೆಯಾಗಿದ್ದರೆ ಅವು ಪಾಚಿ ಕಟ್ಟಿದ ಅಂಗಳದಂತೆ ಜಾರುತ್ತವೆ.

ನಮ್ಮವರಿಗೆ ಎರಡು ವಿಶೇಷ ಎಚ್ಚರಿಕೆ. ಅಮೆರಿಕದಲ್ಲಿ ರಸ್ತೆಯ ಬಲಬದಿಯಲ್ಲಿ ಸಾಗಿ, ಎಡದಿಂದ ಮುಂದೆ ಹೋಗುವುದು ಕ್ರಮ. ಅಲ್ಲದೆ ಅಲ್ಲಿನ ಸೈಕಲುಗಳಲ್ಲಿ ಸಾಮಾನ್ಯವಾಗಿ ಎಡಗೈಯದು ಮುಂಚಕ್ರದ ಬ್ರೇಕು. ನಮ್ಮಲ್ಲಿ ಅದು ಬಲಗೈಯದು. ಅಭ್ಯಾಸಬಲದಿಂದ ಎಡಗೈಯ ಬ್ರೇಕನ್ನು ಗಟ್ಟಿಯಾಗಿ ಹಿಡಿದರೆ ಸವಾರ ಹ್ಯಾಂಡಲಿನ ಮೇಲಿಂದ ಮುಂದಕ್ಕೆ ಎಸೆಯಲ್ಪಡುತ್ತಾನೆ. ಎರವಲು ಸೈಕಲಾದರೆ ಮೊದಲು ಖಾಲಿ ಜಾಗದಲ್ಲಿ ಪರೀಕ್ಷಿಸಿ. ಹೆಲ್ಮೆಟ್ಟು ಹುಬ್ಬಿನಿಂದ ಎರಡು ಬೆರಳು ಮೇಲೆ ಸಮವಾಗಿ ಕೂರಬೇಕು, ಪಟ್ಟಿ ಬಿಗಿಯಾಗಿರಬೇಕು.

ಮೊದಲು ವೈದ್ಯರನ್ನು ಕಾಣಬೇಕಾದವರು

ಇದು ಈ ಬರಹದ ಮುಖ್ಯ ಮಾತು. ನಲವತ್ತು ದಾಟಿದವರು, ರಕ್ತದೊತ್ತಡ ಅಥವಾ ಸಕ್ಕರೆ ಕಾಯಿಲೆಯುಳ್ಳವರು, ಬೀಡಿ ಸೇದುವವರು, ಮನೆಯಲ್ಲಿ ಯಾರಿಗಾದರೂ ಸಣ್ಣ ಪ್ರಾಯದಲ್ಲೇ ಹೃದಯದ ತೊಂದರೆ ಬಂದವರು ಅಭ್ಯಾಸ ಆರಂಭಿಸುವ ಮೊದಲೇ ವೈದ್ಯರಲ್ಲಿ ಪರೀಕ್ಷೆ ಮಾಡಿಸಿಕೊಳ್ಳಬೇಕು. ಇನ್ಸುಲಿನ್ ಅಥವಾ ಕೆಲವು ಬಗೆಯ ಸಕ್ಕರೆ ಮಾತ್ರೆ ತೆಗೆದುಕೊಳ್ಳುವವರಿಗೆ ದೀರ್ಘ ಶ್ರಮದಿಂದ ರಕ್ತದ ಸಕ್ಕರೆ ಅಪಾಯಕರವಾಗಿ ಇಳಿಯಬಹುದು, ಅದೂ ಸವಾರಿ ಮುಗಿದ ರಾತ್ರಿ ನಿದ್ರೆಯಲ್ಲಿಯೂ ಇಳಿಯಬಹುದು. ಅವರು ಮಾತ್ರೆಯ ಪ್ರಮಾಣವನ್ನು ವೈದ್ಯರಲ್ಲಿ ಕೇಳಿಯೇ ಹೊಂದಿಸಿಕೊಳ್ಳಬೇಕು. ಕಿಸೆಯಲ್ಲಿ ಗ್ಲೂಕೋಸ್ ಇರಲೇಬೇಕು.

ತುಳಿಯುವಾಗ ಎದೆ ಬಿಗಿದಂತಾಗುವುದು, ನೋವು ತೋಳಿಗೋ ದವಡೆಗೋ ಹರಿಯುವುದು, ತಣ್ಣನೆಯ ಬೆವರು, ಎಂದೂ ಇಲ್ಲದ ಏದುಸಿರು - ಇವುಗಳಲ್ಲಿ ಒಂದು ಕಂಡರೂ ತಕ್ಷಣ ಇಳಿದು ಸಹಾಯ ಕೇಳಬೇಕು. ನಮ್ಮ ಮನೆಗಳಲ್ಲಿ ಇದನ್ನು 'ಗ್ಯಾಸ್' ಎಂದು ಬಗೆದು ಸೋಡಾ ಕುಡಿದು ಮಲಗುವವರಿದ್ದಾರೆ. ಕಳೆದುಹೋದ ಆ ಒಂದು ಗಂಟೆ ಮತ್ತೆ ಸಿಗುವುದಿಲ್ಲ. ಸವಾರಿಯಲ್ಲಿ ಹಿಂದೆ ಬಿದ್ದವರನ್ನು ಕರೆತರಲು ಬಸ್ಸುಗಳಿರುತ್ತವೆ. ಅದನ್ನು ಹತ್ತುವುದು ಸೋಲಲ್ಲ.

ಕೊನೆಯದಾಗಿ

ವೆರಝಾನೋ ಸೇತುವೆಯ ಏರು ಬರುವುದು ಎಲ್ಲರೂ ದಣಿದ ಮೇಲೆ, ಕೊನೆಯ ಹಂತದಲ್ಲಿ. ಏರು ಆರಂಭವಾಗುವ ಮೊದಲೇ ಹಗುರ ಗೇರಿಗೆ ಬದಲಾಯಿಸಿ ನಿಧಾನವಾಗಿ ತುಳಿಯಬೇಕು. ಆಗದಿದ್ದರೆ ಬದಿಗೆ ಸರಿದು ತಳ್ಳಿಕೊಂಡು ಹೋಗಬಹುದು. ಆಚೆಬದಿಯ ಇಳಿತ ಮುಗಿದರೆ ಸ್ಟ್ಯಾಟನ್ ಐಲೆಂಡ್; ಅಲ್ಲಿಂದ ಮ್ಯಾನ್‌ಹಾಟನ್ನಿಗೆ ಮರಳಲು ದೊಡ್ಡ ದೋಣಿಯಿದೆ.

ನ್ಯೂಯಾರ್ಕಿಗೆ ನಮ್ಮಲ್ಲಿ ಹೋಗುವವರು ಕೆಲವರೇ ಇರಬಹುದು. ಆದರೆ ಸೀಟಿನ ಎತ್ತರ, ಗಂಟೆಗೊಂದು ಹಣ್ಣು, ಉಪ್ಪಿನ ನೀರು, ಎದೆಯ ನೋವಿನ ಎಚ್ಚರಿಕೆ - ಇವು ನಮ್ಮ ತೋಟದ ದಾರಿಗೂ ಸಲ್ಲುವ ಮಾತುಗಳು. ಕೊಟ್ಟಿಗೆಯ ಮೂಲೆಯಲ್ಲಿರುವ ಸೈಕಲನ್ನು ಈ ವಾರ ಹೊರತೆಗೆದು, ಚೈನಿಗೆ ಎಣ್ಣೆ ಬಿಟ್ಟು, ಟಯರಿಗೆ ಗಾಳಿ ಹಾಕಿ ನೋಡೋಣ. ಪರವೂರಿನ ಮಗನೋ ಮಗಳೋ ಸವಾರಿಗೆ ಹೆಸರು ಕೊಟ್ಟಿದ್ದರೆ ಬೈಯುವುದು ಬೇಡ. ಅಭ್ಯಾಸ ಮಾಡಿದ್ದೀಯಾ, ಹೆಲ್ಮೆಟ್ಟು ಇದೆಯಾ ಎಂದು ಕೇಳೋಣ.