ದುಬಾರಿ ಟೈರ್ ಹಾಕಿಸಿದರೆ ನೀಲಗಿರಿ ಘಾಟಿ ಸಲೀಸೇ?

ಊಟಿ: ಕಾರಿನ ಟೈರ್ ಬದಲಿಸುವ ಸಮಯ ಬಂತೆಂದರೆ ನೀಲಗಿರಿಯ ಚಾಲಕರ ಮುಂದೆ ಒಂದು ಪ್ರಶ್ನೆ ಬಂದು ನಿಲ್ಲುತ್ತದೆ. ಹಿಂದೆ ಇದ್ದಂಥದೇ ಸಾಧಾರಣ ಟೈರ್ ಸಾಕೇ? ಅಥವಾ ಒಂದೊಂದು ಟೈರಿಗೆ ಸಾವಿರಾರು ರೂಪಾಯಿ ಹೆಚ್ಚು ಸುರಿದು 'ಪ್ರೀಮಿಯಂ' ಹೆಸರಿನ ಟೈರ್ ಹಾಕಿಸಬೇಕೇ? ಮೈಸೂರಿನಿಂದಲೋ ಬೆಂಗಳೂರಿನಿಂದಲೋ ಪ್ರವಾಸ ಹೊರಡುವವರಿಗೂ ಇದೇ ಅನುಮಾನ. ಒಳ್ಳೆಯ ಟೈರ್ ಇದೆ, ಇನ್ನೇನು ಭಯ ಎಂದು ಘಾಟಿಗೆ ಇಳಿಯುವವರೂ ಕಡಿಮೆಯಿಲ್ಲ.

ದುಬಾರಿ ಟೈರ್ ದುಡ್ಡಿಗೆ ತಕ್ಕ ಕೆಲಸ ಮಾಡುತ್ತದೆ, ನಿಜ. ಆದರೆ ಅದು ಮಾಡುವ ಕೆಲಸ ಯಾವುದು, ಮಾಡಲಾಗದ ಕೆಲಸ ಯಾವುದು ಎಂಬುದನ್ನು ತಿಳಿದುಕೊಂಡವರಿಗೆ ಮಾತ್ರ ಅದರಿಂದ ಪ್ರಯೋಜನ.

ಒಂದೇ ಜಿಲ್ಲೆ, ಮೂರು ಬಗೆಯ ರಸ್ತೆ

ನೀಲಗಿರಿ ಚಿಕ್ಕ ಜಿಲ್ಲೆ. ಆದರೆ ಟೈರಿನ ಮಟ್ಟಿಗೆ ಇಲ್ಲಿ ಮೂರು ಲೋಕಗಳಿವೆ. ಗೂಡಲೂರು, ಪಂದಲೂರು, ದೇವಾಲಾ ಕಡೆ ಮುಂಗಾರು ಹಿಡಿದರೆ ಬಿಡುವುದಿಲ್ಲ. ತಿಂಗಳುಗಟ್ಟಲೆ ರಸ್ತೆ ಒದ್ದೆ. ಊಟಿ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದ್ದು, ಡಿಸೆಂಬರ್-ಜನವರಿಯಲ್ಲಿ ಬೆಳಗಿನ ಹೊತ್ತು ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟುತ್ತದೆ. ಮಸಿನಗುಡಿ ಮಳೆಯ ನೆರಳಿನ ಪ್ರದೇಶ. ಅಲ್ಲಿ ಒಣ ಹವೆ, ಧೂಳು, ಬಿಸಿಲು.

ಮಳೆ ಎಂದರೆ ಎಂಥ ಮಳೆ! ಊಟಿಯ ಸಮೀಪದ ಅವಲಾಂಚಿಯಲ್ಲಿ 2019ರ ಆಗಸ್ಟ್‌ನಲ್ಲಿ ಒಂದೇ ದಿನ 80 ಸೆಂ.ಮೀ.ಗೂ ಹೆಚ್ಚು ಮಳೆ ಸುರಿದಿತ್ತು. ಹಾಗಾಗಿ ಊಟಿಯಿಂದ ನಡುವಟ್ಟಂ ಮೂಲಕ ಗೂಡಲೂರಿಗೆ ಹೋಗಿ, ಅಲ್ಲಿಂದ ಮಸಿನಗುಡಿಗೆ ಬರುವ ಬಾಡಿಗೆ ಕಾರು ಅರ್ಧ ದಿನದಲ್ಲೇ ಮಂಜು, ಮಳೆ, ಬಿಸಿಲು ಮೂರನ್ನೂ ಕಾಣುತ್ತದೆ. ಮೂರಕ್ಕೂ ಒಂದೇ ಟೈರ್ ಹೊಂದಬೇಕು.

ಹೆಚ್ಚಿನ ದುಡ್ಡು ಎಲ್ಲಿ ಹೋಗುತ್ತದೆ?

ಟೈರ್ ಎಂದ ಕೂಡಲೇ ನಾವು ನೋಡುವುದು ಅದರ ಮೇಲಿನ ಗೀರುಗಳನ್ನು. ನಮ್ಮ ಪಂಕ್ಚರ್ ಅಂಗಡಿಗಳಲ್ಲಿ 'ಬಟನ್' ಎನ್ನುವ ಟ್ರೆಡ್ ಇದು. ನೀರನ್ನು ಪಕ್ಕಕ್ಕೆ ತಳ್ಳುವುದು ಟ್ರೆಡ್‌ನ ಕೆಲಸ. ಗುಂಡ್ಲುಪೇಟೆ-ಮೈಸೂರು ರಸ್ತೆಯಲ್ಲಿ 80 ಕಿ.ಮೀ. ವೇಗದಲ್ಲಿ ಹೋಗುವಾಗ ನಿಂತ ನೀರಿನ ಮೇಲೆ ಕಾರು ತೇಲಿದಂತಾಗುವುದನ್ನು ಅದು ತಪ್ಪಿಸುತ್ತದೆ.

ಘಾಟಿಯ ಹೇರ್‌ಪಿನ್ ತಿರುವಿನಲ್ಲಿ ವೇಗ 15-20 ಕಿ.ಮೀ. ಮಾತ್ರ. ಅಲ್ಲಿ ಕಾರು ನೀರಿನ ಮೇಲೆ ತೇಲುವ ಪ್ರಶ್ನೆಯೇ ಇಲ್ಲ. ನುಣುಪಾದ ಒದ್ದೆ ಡಾಂಬರನ್ನು ಕಚ್ಚಿ ಹಿಡಿಯುವುದು ರಬ್ಬರ್. ಹೆಚ್ಚಿನ ದುಡ್ಡು ಮುಖ್ಯವಾಗಿ ಹೋಗುವುದು ಇಲ್ಲಿಗೇ. ಫ್ರಾನ್ಸಿನ ಮಿಶೆಲಿನ್ ಕಂಪನಿ 1992ರಲ್ಲಿ ರಬ್ಬರಿನೊಳಗೆ ಮಸಿಯ ಬದಲು ಹೆಚ್ಚಾಗಿ ಸಿಲಿಕಾ ಬೆರೆಸಿದ ಟೈರ್ ಮಾರುಕಟ್ಟೆಗೆ ತಂದಿತು. ಒದ್ದೆ ರಸ್ತೆಯ ಹಿಡಿತ ಕಳೆದುಕೊಳ್ಳದೆ ಇಂಧನ ಉಳಿಸುವ ಈ ವಿಧಾನವನ್ನು ನಂತರ ಉಳಿದ ದೊಡ್ಡ ಕಂಪನಿಗಳೂ ಅನುಸರಿಸಿದವು. ಈಗಿನ ಒಳ್ಳೆಯ ಟೈರ್‌ಗಳ ಮಿಶ್ರಣದಲ್ಲಿ ಸಿಲಿಕಾ ಇದ್ದೇ ಇರುತ್ತದೆ.

ಇಂಥ ಟೈರ್ ಹಾಕಿಸಿದವರ ಸಾಮಾನ್ಯ ಅನುಭವ ಹೀಗೆ: ಮೊದಲ ದಿನವೇ ಗೊತ್ತಾಗುವುದು ಸದ್ದು ಕಡಿಮೆಯಾದದ್ದು. ಮೊದಲ ಮಳೆಯಲ್ಲಿ ಗೊತ್ತಾಗುವುದು ಬ್ರೇಕ್ ಒತ್ತಿದಾಗ ಕಾರು ಮುಂದಕ್ಕೆ ಜಾರದೆ ನಿಲ್ಲುವುದು. ಏರಿನ ತಿರುವಿನಲ್ಲಿ ನಿಂತು ಮತ್ತೆ ಹೊರಡುವಾಗ ಮುಂದಿನ ಚಕ್ರ ಸುಮ್ಮನೆ ತಿರುಗುವುದೂ ಕಡಿಮೆ.

ಇನ್ನು ದೂರುಗಳು. ಹಿಡಿತ ಹೆಚ್ಚಿರುವ ಮೆತ್ತನೆಯ ರಬ್ಬರ್ ಬೇಗ ಸವೆಯಬಹುದು. ಕೆಲವು ಟೈರ್‌ಗಳ ಪಕ್ಕದ ಭಾಗ ತೆಳುವಾಗಿದ್ದು, ಕಲ್ಲು ತಾಗಿದರೆ ಕತ್ತರಿಸುವ ಭಯ. ಎಸ್ಟೇಟ್ ರಸ್ತೆಯಲ್ಲಿ, ಮಸಿನಗುಡಿ ಸುತ್ತಲ ಮಣ್ಣು ದಾರಿಯಲ್ಲಿ ಓಡಾಡುವವರಿಗೆ ಇದು ದೊಡ್ಡ ತಲೆನೋವು. ನಡುವೆ ಮೊಳೆ ಚುಚ್ಚಿದರೆ ಪಂಕ್ಚರ್ ಹಾಕಬಹುದು, ಪಕ್ಕದ ಭಾಗ ಹರಿದರೆ ಆ ಟೈರ್ ಮುಗಿದಂತೆಯೇ.

ಬೆಲೆ, ಸಿಗುವ ತೊಂದರೆ

ಕೇಂದ್ರ ಸರಕಾರ 2020ರ ಜೂನ್‌ನಲ್ಲಿ ಕಾರು, ಬಸ್, ಲಾರಿ, ಬೈಕ್‌ಗಳ ಹೊಸ ಟೈರ್ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು. ಅಂದಿನಿಂದ ಪರವಾನಗಿ ಇಲ್ಲದೆ ತರಿಸುವಂತಿಲ್ಲ. ಇದರಿಂದಾಗಿ ಕೆಲವು ವಿದೇಶಿ ಮಾದರಿಗಳು ಬೇಕೆಂದಾಗ ಸಿಗುವುದಿಲ್ಲ. ಒಂದು ಟೈರ್ ಹರಿದುಹೋದರೆ ಅದೇ ಮಾದರಿಯ ಜೊತೆ ಹುಡುಕಲು ಕೊಯಮತ್ತೂರು ಅಥವಾ ಮೈಸೂರಿನವರೆಗೆ ಫೋನ್ ಮಾಡಬೇಕಾಗಬಹುದು. ಕೊಳ್ಳುವ ಮುನ್ನವೇ ಈ ಮಾದರಿ ಸದಾ ಸಿಗುತ್ತದೆಯೇ ಎಂದು ಕೇಳಿಕೊಳ್ಳುವುದು ಜಾಣತನ.

ಸ್ವಲ್ಪ ಸಮಾಧಾನದ ಸಂಗತಿ ಎಂದರೆ, 2025ರ ಸೆಪ್ಟೆಂಬರ್ 22ರಿಂದ ಹೊಸ ಟೈರ್ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ಒದ್ದೆ ರಸ್ತೆಯ ಹಿಡಿತಕ್ಕೂ ಕನಿಷ್ಠ ಮಟ್ಟ ನಿಗದಿಪಡಿಸುವ ನಿಯಮವನ್ನು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2022ರ ಜೂನ್‌ನಲ್ಲಿ ಹೊರಡಿಸಿತು. ಅಂದರೆ ಹೆಸರಾಂತ ಕಂಪನಿಯ ಸಾಧಾರಣ ಟೈರ್ ಕೂಡ ತೀರಾ ಕಳಪೆ ಎಂದು ಹೆದರಬೇಕಾಗಿಲ್ಲ.

ಘಾಟಿಯ ಮೇಲೆ ಗಾಳಿ ಇಳಿಸಬೇಡಿ

ಟೈರ್ ಎಷ್ಟೇ ಒಳ್ಳೆಯದಿರಲಿ, ಗಾಳಿ ಸರಿ ಇಲ್ಲದಿದ್ದರೆ ಹಾಕಿದ ದುಡ್ಡು ನೀರಿನಲ್ಲಿ ಹೋಮ. ನೀಲಗಿರಿಯಲ್ಲಿ ಈ ವಿಷಯದಲ್ಲಿ ಒಂದು ತಪ್ಪು ನಡೆಯುವುದು ಸುಲಭ.

ಮೆಟ್ಟುಪಾಳ್ಯದಲ್ಲೋ ಗುಂಡ್ಲುಪೇಟೆಯಲ್ಲೋ 33 ಪಿಎಸ್‌ಐ ಗಾಳಿ ಹಾಕಿಸಿಕೊಂಡು ಊಟಿ ಹತ್ತಿದಿರಿ ಎನ್ನಿ. ಮೇಲೆ ಬಂದು ನೋಡಿದರೆ ಮೀಟರ್ 37-38 ತೋರಿಸುತ್ತದೆ. ಎತ್ತರಕ್ಕೆ ಬಂದಂತೆ ಹೊರಗಿನ ವಾತಾವರಣದ ಒತ್ತಡ ಕಡಿಮೆಯಾಗುವುದು ಒಂದು ಕಾರಣ. ಇದರಿಂದಲೇ ಸುಮಾರು 3 ಪಿಎಸ್‌ಐ ಹೆಚ್ಚು ಕಾಣುತ್ತದೆ. ಓಡಿ ಬಂದ ಟೈರ್ ಬಿಸಿಯಾಗಿರುವುದು ಇನ್ನೊಂದು ಕಾರಣ. ಗಾಳಿ ಜಾಸ್ತಿಯಾಯಿತು ಎಂದು ಅಲ್ಲೇ 33ಕ್ಕೆ ಇಳಿಸಿದರೆ ಏನಾಗುತ್ತದೆ? ಮರುದಿನ ಬೆಳಿಗ್ಗೆ 5 ಡಿಗ್ರಿ ಚಳಿಯಲ್ಲಿ ಅದೇ ಟೈರಿನಲ್ಲಿ 27-28 ಪಿಎಸ್‌ಐ ಮಾತ್ರ ಉಳಿದಿರುತ್ತದೆ. ಆ ಮೆತ್ತನೆಯ ಟೈರ್ ಹೊತ್ತು, ಐದು ಜನರನ್ನು ಕೂರಿಸಿಕೊಂಡು ಘಾಟಿ ಇಳಿಯುವಾಗ ಸ್ಟೀರಿಂಗ್ ಭಾರವಾಗುತ್ತದೆ, ತಿರುವಿನಲ್ಲಿ ಟೈರ್ ಪಕ್ಕಕ್ಕೆ ಮಡಚಿಕೊಳ್ಳುತ್ತದೆ, ಅಂಚು ಸವೆಯುತ್ತದೆ.

ಏನೂ ಮುಟ್ಟದೆ ಬಿಟ್ಟಿದ್ದರೆ? ಬೆಳಗಿನ ಚಳಿಗೆ ಟೈರ್ ತಣ್ಣಗಾಗಿ ಮೀಟರ್ ತಾನಾಗಿಯೇ 32ರ ಆಸುಪಾಸಿಗೆ ಬರುತ್ತಿತ್ತು. ಎತ್ತರ ಏರಿಸಿದ್ದನ್ನು ಚಳಿ ಇಳಿಸುತ್ತದೆ. ಆದ್ದರಿಂದ ಗಾಳಿ ನೋಡುವುದು ಯಾವಾಗಲೂ ಬೆಳಿಗ್ಗೆ, ಟೈರ್ ತಣ್ಣಗಿರುವಾಗ. ಎಷ್ಟು ಗಾಳಿ ಇರಬೇಕೆಂಬುದು ಚಾಲಕನ ಬಾಗಿಲಿನ ಪಕ್ಕದ ಚೀಟಿಯಲ್ಲಿರುತ್ತದೆ. ಟೈರಿನ ಮೇಲೆ ಬರೆದಿರುವುದು ಅದು ತಡೆಯುವ ಗರಿಷ್ಠ ಒತ್ತಡ, ಹಾಕಬೇಕಾದ ಗಾಳಿಯಲ್ಲ.

ಸವೆತ ಕಡಿಮೆ, ವಯಸ್ಸು ಹೆಚ್ಚು

ಘಾಟಿಯಲ್ಲಿ ಓಡುವ ಕಾರಿನ ಮುಂದಿನ ಎರಡು ಟೈರ್‌ಗಳ ಹೊರ ಅಂಚು ಬೇಗ ಸವೆಯುತ್ತದೆ. ಪ್ರತಿ ಹೇರ್‌ಪಿನ್‌ನಲ್ಲೂ ಭಾರವೆಲ್ಲ ಅಲ್ಲಿಗೇ ಬೀಳುವುದೇ ಇದಕ್ಕೆ ಕಾರಣ. ಬಯಲಿನಲ್ಲಿ 10 ಸಾವಿರ ಕಿ.ಮೀ.ಗೆ ಹಿಂದು-ಮುಂದು ಬದಲಿಸುವವರು ಇಲ್ಲಿ ಇನ್ನೂ ಬೇಗ ಬದಲಿಸುವುದು ಒಳ್ಳೆಯದು. ವೀಲ್ ಅಲೈನ್‌ಮೆಂಟ್ ಕೂಡ ಜೊತೆಗೇ ಆಗಲಿ.

ಕಾನೂನಿನ ಪ್ರಕಾರ ಕಾರಿನ ಟ್ರೆಡ್ ಕನಿಷ್ಠ 1.6 ಮಿ.ಮೀ. ಆಳ ಇರಬೇಕು. ಗೀರುಗಳ ನಡುವೆ ಇರುವ ಸಣ್ಣ ಉಬ್ಬುಗಳಿಗೆ ಟ್ರೆಡ್ ಸಮವಾಯಿತೆಂದರೆ ಆ ಗಡಿ ಮುಟ್ಟಿತು ಎಂದರ್ಥ. ಗೂಡಲೂರಿನ ಮಳೆಗೆ ಅಷ್ಟು ಕಾಯುವುದು ಬೇಡ, 3 ಮಿ.ಮೀ. ಆದಾಗಲೇ ಹೊಸ ಟೈರಿನ ಯೋಚನೆ ಮಾಡಿ.

ಇನ್ನೊಂದು ಬಗೆಯ ಕಾರುಗಳಿವೆ. ವರ್ಷಕ್ಕೆ ಮೂರು-ನಾಲ್ಕು ಸಾವಿರ ಕಿ.ಮೀ. ಮಾತ್ರ ಓಡಿ, ಉಳಿದ ದಿನ ಮನೆಯ ಮುಂದೆ ನಿಲ್ಲುವಂಥವು. ಅವುಗಳ ಟೈರಿನಲ್ಲಿ ಬಟನ್ ಹೊಸದರಂತೆಯೇ ಇರುತ್ತದೆ, ರಬ್ಬರ್ ಮಾತ್ರ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಒಂದು ಸಂಖ್ಯೆ ಇರುತ್ತದೆ. 2319 ಎಂದಿದ್ದರೆ ಅದು 2019ರ 23ನೇ ವಾರ ತಯಾರಾದ ಟೈರ್. ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ಬಲ್ಲವರಿಗೆ ತೋರಿಸಿ. ಹೊಸ ಟೈರ್ ಕೊಳ್ಳುವಾಗಲೂ ಈ ಅಂಕಿ ನೋಡಲು ಮರೆಯಬೇಡಿ. ಹತ್ತು ವರ್ಷದ ಹಳೆಯ ದುಬಾರಿ ಟೈರಿಗಿಂತ ಈ ವರ್ಷದ ಸಾಧಾರಣ ಟೈರ್ ಎಷ್ಟೋ ಮೇಲು.

ಎರಡೇ ಹೊಸ ಟೈರ್ ಕೊಳ್ಳುವುದಾದರೆ ಅವನ್ನು ಹಿಂದಕ್ಕೆ ಹಾಕಿಸಿ. ಮುಂದಕ್ಕೆ ಹಾಕುವುದೇ ರೂಢಿ. ಆದರೆ ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ಸರಿದು ಹಿಂಭಾಗ ಹಗುರವಾಗುತ್ತದೆ. ಹಿಂದಿನ ಟೈರ್ ಬೋಳಾಗಿದ್ದರೆ ಒದ್ದೆ ತಿರುವಿನಲ್ಲಿ ಕಾರಿನ ಹಿಂಭಾಗವೇ ಸುತ್ತಿಕೊಂಡು ಬರುತ್ತದೆ. ಆಗ ಅದನ್ನು ಹಿಡಿತಕ್ಕೆ ತರುವುದು ಪಳಗಿದ ಚಾಲಕರಿಗೂ ಕಷ್ಟ.

ಟೈರ್ ಮಾಡಲಾಗದ ಕೆಲಸ

ಊಟಿಯಿಂದ ತೆಪ್ಪಕಾಡಿಗೆ ಗೂಡಲೂರು ಮೂಲಕ ಸುಮಾರು 67 ಕಿ.ಮೀ., ಕಲ್ಹಟ್ಟಿ ಘಾಟಿ ಮತ್ತು ಮಸಿನಗುಡಿ ಮೂಲಕ ಸುಮಾರು 36 ಕಿ.ಮೀ. ದಾರಿ ಕಡಿಮೆಯಾದಷ್ಟೂ ಇಳಿಜಾರು ಕಡಿದು. ಕಲ್ಹಟ್ಟಿಯಲ್ಲಿ 36 ಹೇರ್‌ಪಿನ್ ತಿರುವುಗಳಿವೆ. 2018ರ ಅಕ್ಟೋಬರ್ ಆರಂಭದಲ್ಲಿ ಚೆನ್ನೈನಿಂದ ಬಂದಿದ್ದ ಏಳು ಮಂದಿಯ ಕಾರು ಇಲ್ಲಿ ಕಂದಕಕ್ಕೆ ಉರುಳಿ ಐವರು ಸತ್ತರು. ಕಾರು ಬಿದ್ದಿರುವುದು ಗೊತ್ತಾಗಲು ಎರಡು ದಿನ ಬೇಕಾಯಿತು. ಆ ಬಳಿಕ ಹೊರಗಿನ ಪ್ರವಾಸಿ ವಾಹನಗಳು ಈ ದಾರಿಯಲ್ಲಿ ಇಳಿಯದಂತೆ ನಿರ್ಬಂಧ ಬಂತು. ಹೊರಡುವ ಮುನ್ನ ಪೊಲೀಸರಲ್ಲಿ ವಿಚಾರಿಸುವುದು ಕ್ಷೇಮ.

ಈ ದಾರಿಯಲ್ಲಿ ಕಾರು ಸುಮಾರು 1,200 ಮೀಟರ್ ಕೆಳಗಿಳಿಯುತ್ತದೆ. ಜನರನ್ನೂ ಸೇರಿಸಿ ಒಂದೂವರೆ ಟನ್ ತೂಗುವ ಕಾರನ್ನು ಬರೀ ಬ್ರೇಕ್ ಹಿಡಿದೇ ಇಳಿಸಿದರೆ ಹುಟ್ಟುವ ಶಾಖ ಎಷ್ಟು ಗೊತ್ತೇ? ಸುಮಾರು 50 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು! ಅಷ್ಟೂ ಶಾಖ ಬ್ರೇಕಿನ ಡಿಸ್ಕ್, ಡ್ರಮ್‌ಗಳ ಮೇಲೆಯೇ ಬೀಳುತ್ತದೆ. ಸುಟ್ಟ ವಾಸನೆ ಬರುತ್ತದೆ, ಪೆಡಲ್ ಒತ್ತಿದಷ್ಟೂ ಒಳಗೆ ಹೋಗುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ. ಆ ಹೊತ್ತಿನಲ್ಲಿ ಜಗತ್ತಿನ ಅತ್ಯುತ್ತಮ ಟೈರ್ ಇದ್ದರೂ ಅದು ಸುಮ್ಮನೆ ಉರುಳುತ್ತದೆ. ಚಕ್ರವನ್ನು ತಡೆಯುವ ಬ್ರೇಕೇ ಸೋತಾಗ ಟೈರಿನ ಹಿಡಿತಕ್ಕೆ ಕೆಲಸವೇ ಇಲ್ಲ.

ಅದಕ್ಕೇ ಇಲ್ಲಿನ ಹಳೆಯ ಚಾಲಕರು ಟೈರಿಗಿಂತ ಮೊದಲು ಗೇರಿನ ಮಾತೆತ್ತುವುದು. ಹತ್ತುವ ಗೇರಿನಲ್ಲೇ ಇಳಿಯಬೇಕು. ಕಲ್ಹಟ್ಟಿಯಲ್ಲಿ ಅದು ಒಂದು ಅಥವಾ ಎರಡನೇ ಗೇರ್. ಆಟೊಮ್ಯಾಟಿಕ್ ಕಾರಿನವರು 'ಡಿ'ಯಲ್ಲೇ ಬಿಟ್ಟು ಇಳಿಯದೆ 'ಎಲ್' ಅಥವಾ ಮ್ಯಾನ್ಯುಯಲ್ ಸ್ಥಾನಕ್ಕೆ ಹಾಕಬೇಕು. ಪೆಟ್ರೋಲ್ ಉಳಿಯುತ್ತದೆಂದು ನ್ಯೂಟ್ರಲ್‌ನಲ್ಲಿ ಬಿಡುವುದಂತೂ ಸಾವನ್ನು ಕರೆದಂತೆ.

ಕಾಡಿನ ದಾರಿಯಲ್ಲಿ ಪಂಕ್ಚರ್ ಆದರೆ?

ತೆಪ್ಪಕಾಡು-ಮಸಿನಗುಡಿ ರಸ್ತೆ ಆನೆಗಳು ಅಡ್ಡಾಡುವ ಕಾಡಿನೊಳಗೆ ಹಾದುಹೋಗುತ್ತದೆ. ಅಲ್ಲಿ ಇಳಿದು ಜಾಕ್ ಏರಿಸುವುದು ಅಪಾಯ. 2020ರಲ್ಲಿ ಬದಲಾದ ನಿಯಮದಂತೆ ಗಾಳಿಯ ಒತ್ತಡ ತಿಳಿಸುವ ವ್ಯವಸ್ಥೆ ಹಾಗೂ ಪಂಕ್ಚರ್ ಕಿಟ್ ಇದ್ದರೆ ಟ್ಯೂಬ್‌ಲೆಸ್ ಟೈರಿನ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲ. ನಿಮ್ಮ ಕಾರಿನಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಕಾಡಿಗೆ ಹೊಕ್ಕುವ ಮೊದಲೇ ನೋಡಿಕೊಳ್ಳಿ. ಸ್ಟೆಪ್ನಿ ಇದ್ದರೆ ಅದರಲ್ಲಿ ಗಾಳಿ ಇದೆಯೇ ಎಂದೂ ನೋಡಿ.

ಬಂಡೀಪುರದ ಮೂಲಕ ಹೋಗುವ ರಾಷ್ಟ್ರೀಯ ಹೆದ್ದಾರಿಯಲ್ಲಿ 2009ರಿಂದಲೂ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ಗೇಟ್ ಮುಚ್ಚುವುದರೊಳಗೆ ದಾಟಬೇಕೆಂದು ಸಂಜೆ ಒದ್ದೆ ರಸ್ತೆಯಲ್ಲಿ ಧಾವಿಸುವವರಿಗೆ ಯಾವ ಟೈರೂ ಭರವಸೆ ಕೊಡಲಾರದು. ಒಂದು ಗಂಟೆ ಮೊದಲೇ ಹೊರಡಿ.

ಹಾಗಾದರೆ ಯಾವ ಟೈರ್?

ವರ್ಷವಿಡೀ ಗೂಡಲೂರು, ಪಂದಲೂರು ಕಡೆ ಓಡಾಡುವವರಿಗೆ, ಜನರನ್ನು ಹೊತ್ತು ದಿನವೂ ಘಾಟಿ ಹತ್ತಿ ಇಳಿಯುವ ಬಾಡಿಗೆ ಕಾರಿನವರಿಗೆ ಒದ್ದೆ ಹಿಡಿತ ಚೆನ್ನಾಗಿರುವ ಟೈರಿಗೆ ಹೆಚ್ಚು ಕೊಡುವುದರಲ್ಲಿ ಅರ್ಥವಿದೆ. ಮಣ್ಣು ದಾರಿಯೇ ಹೆಚ್ಚಾಗಿರುವ ಮಸಿನಗುಡಿಯವರಿಗೆ ಪಕ್ಕದ ಭಾಗ ಗಟ್ಟಿಯಾಗಿರುವ ಸಾಧಾರಣ ಟೈರೇ ವಾಸಿ. ಊಟಿ ಪೇಟೆಯೊಳಗೆ ವಾರಕ್ಕೆರಡು ಸಲ ಕಾರು ತೆಗೆಯುವವರು ಬ್ರಾಂಡ್ ಹುಡುಕುವ ಮೊದಲು ಈಗಿರುವ ಟೈರಿನ ವಯಸ್ಸು ನೋಡಲಿ. ವರ್ಷಕ್ಕೊಮ್ಮೆ ಪ್ರವಾಸ ಬರುವವರು ಹೊಸ ಟೈರ್ ಹಾಕಿಸಲೇಬೇಕೆಂದಿಲ್ಲ. ಇರುವ ಟೈರ್ ಮತ್ತು ಬ್ರೇಕ್ ಎರಡನ್ನೂ ಊರು ಬಿಡುವ ಹಿಂದಿನ ದಿನ ತೋರಿಸಿಕೊಂಡು, ಘಾಟಿಯಲ್ಲಿ ಸಣ್ಣ ಗೇರಿನಲ್ಲಿ ನಿಧಾನವಾಗಿ ಇಳಿದರೆ ಸಾಕು.