ಭದ್ರೆಯ ಹೂಳು ಅಳೆಯುವ ವಿದ್ಯೆ: ಜಲಸಂಪನ್ಮೂಲ ಸಂಶೋಧನೆಯ ದಾರಿ

ಪಿಯುಸಿ ಫಲಿತಾಂಶ ಬಂದ ಕೂಡಲೇ ನಮ್ಮ ಮನೆಗಳಲ್ಲಿ ಕೇಳುವ ಮೊದಲ ಹೆಸರು ಕಂಪ್ಯೂಟರ್ ಸೈನ್ಸ್. ಸಿವಿಲ್ ಎಂದರೆ ಕಟ್ಟಡದ ಕಂಟ್ರಾಕ್ಟರ್ ಎಂದೇ ಹಲವರ ಎಣಿಕೆ. ಅದೇ ಸಿವಿಲ್ ಓದಿನಿಂದ ನದಿ, ಮಳೆ, ಅಂತರ್ಜಲದ ಸಂಶೋಧನೆಗೂ ಹೋಗಬಹುದು. ಇದಕ್ಕೆ ಕಳಸದ ಪಕ್ಕದಲ್ಲೇ ಉದಾಹರಣೆ ಇದೆ.

ಜಗದೀಶ್ ಕೃಷ್ಣಸ್ವಾಮಿ ಅವರು ಐಐಟಿ ಬಾಂಬೆಯಲ್ಲಿ ಸಿವಿಲ್ ಇಂಜಿನಿಯರಿಂಗ್ ಓದಿ, ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡಿದವರು. ಬೆಂಗಳೂರಿನ ಏಟ್ರೀ ಸಂಸ್ಥೆಯಲ್ಲಿ ಬಹುಕಾಲ ಸಂಶೋಧಕರಾಗಿದ್ದರು. ಕುದುರೆಮುಖದ ಕಬ್ಬಿಣದ ಅದಿರಿನ ಗಣಿಯಿಂದ ಭದ್ರಾ ನದಿಗೆ ಸೇರುವ ಹೂಳನ್ನು ಅವರು ಸಂಗಡಿಗರೊಂದಿಗೆ ಅಧ್ಯಯನ ಮಾಡಿ 2006ರಲ್ಲಿ ಪ್ರಕಟಿಸಿದರು. ಜಲಾನಯನದ ಅತಿ ಸಣ್ಣ ಭಾಗವಾದ ಗಣಿಯಿಂದ ಹೂಳಿನ ದೊಡ್ಡ ಪಾಲು ಬರುತ್ತಿತ್ತು ಎಂಬುದು ಅದರ ಸಾರ. ಸುಪ್ರೀಂ ಕೋರ್ಟಿನ 2002ರ ಆದೇಶದಂತೆ ಆ ಗಣಿಗಾರಿಕೆ 2005ರ ಕೊನೆಗೆ ನಿಂತಿತು.

ಹೂಳು ಅಳೆಯುವ ಕ್ರಮ ಸರಳ. ಗೊತ್ತಾದ ಅಳತೆಯ ನದಿ ನೀರನ್ನು ಸೋಸುಕಾಗದದಲ್ಲಿ ಸೋಸಿ, ಉಳಿದ ಮಣ್ಣನ್ನು ಒಣಗಿಸಿ ತೂಗುತ್ತಾರೆ. ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಸಿಗುತ್ತದೆ. ಅದನ್ನು ಆ ಹೊತ್ತಿನ ಹರಿವಿನಿಂದ ಗುಣಿಸಿದರೆ ನದಿ ಹೊತ್ತೊಯ್ಯುವ ಹೂಳಿನ ಲೆಕ್ಕ. ನೀರು ಗಾಳಿಸಿ ಕುಡಿಯುವ ನಮಗೆ ಸೋಸುವುದು ಹೊಸದಲ್ಲ, ತೂಗಿ ಬರೆದಿಡುವುದು ಹೊಸದು. ಆದರೆ ವರ್ಷದ ಬಹುಪಾಲು ಹೂಳು ಕೆಲವೇ ದಿನಗಳ ಜಡಿಮಳೆಯಲ್ಲಿ ಹರಿಯುವುದರಿಂದ, ಆ ಮಳೆಯಲ್ಲೇ ನಿಂತು ನೀರು ತೆಗೆಯಬೇಕು. ಈ ಹೂಳು ಕೊನೆಗೆ ಲಕ್ಕವಳ್ಳಿಯ ಭದ್ರಾ ಜಲಾಶಯ ಸೇರಿ, ಶಿವಮೊಗ್ಗ, ದಾವಣಗೆರೆಯ ರೈತರ ನೀರಿನ ಜಾಗವನ್ನು ತಿನ್ನುತ್ತದೆ.

ಈ ದಾರಿ ಹೀಗಿದೆ: ಬಿ.ಇ. ಸಿವಿಲ್, ಗೇಟ್ ಪರೀಕ್ಷೆ, ಎಂ.ಟೆಕ್., ಆಮೇಲೆ ಪಿಎಚ್.ಡಿ. ಸುರತ್ಕಲ್ಲಿನ ಎನ್‌ಐಟಿಕೆ, ಬೆಂಗಳೂರಿನ ಐಐಎಸ್‌ಸಿ ಎರಡರಲ್ಲೂ ಜಲಸಂಪನ್ಮೂಲದ ಓದು ಇದೆ. ಗೇಟ್ ಅರ್ಹತೆಯ ಎಂ.ಟೆಕ್. ವಿದ್ಯಾರ್ಥಿವೇತನ ತಿಂಗಳಿಗೆ 12,400 ರೂ. ಪಿಎಚ್.ಡಿ.ಗೆ ಕೇಂದ್ರದ ಕಿರಿಯ ಸಂಶೋಧನಾ ಫೆಲೋಶಿಪ್ 2023ರಿಂದ 37,000 ರೂ. ಎಲ್ಲ ಮುಗಿಯಲು ಹತ್ತು ವರ್ಷ ಬೇಕು, ಖಾಯಂ ಹುದ್ದೆಗೆ ಮತ್ತೆ ಕಾಯಬೇಕು. ವ್ಯಾಪಾರಿಯ ಲೆಕ್ಕದಲ್ಲಿ ಇದು ತಡವಾಗಿ ಬರುವ ಲಾಭ. ಹಾಗಾಗಿ ಮಕ್ಕಳನ್ನು ಒತ್ತಾಯಿಸಿ ಕಳಿಸುವ ದಾರಿ ಇದಲ್ಲ, ಆಸೆಪಟ್ಟವರನ್ನು ತಡೆಯುವ ದಾರಿಯೂ ಅಲ್ಲ.

ಇನ್ನೊಂದು ಮಾತು. ಮೂಡಿಗೆರೆ, ಕಳಸದ ಕಡೆಯ ತೋಟದ ಮನೆಗಳಲ್ಲಿ ದಿನದಿನದ ಮಳೆಯನ್ನು ಇಂಚು, ಸೆಂಟಿನಲ್ಲಿ ಬರೆದ ಹಳೆಯ ಪುಸ್ತಕಗಳಿರುತ್ತವೆ. ಸಂಶೋಧಕರಿಗೆ ಅವು ಬೆಲೆಯುಳ್ಳ ದಾಖಲೆ. ರದ್ದಿಗೆ ಹಾಕುವ ಮೊದಲು ಮನೆಯ ಮಕ್ಕಳ ಕೈಗೆ ಕೊಟ್ಟು ನೋಡಿ.